ಲೈಸೆನ್ಸ್ ಫೋಟೊ ಕೇಳಿದರೆ ಕೊಡಬೇಕೆ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿದ್ದೇನೆ. ವಯಸ್ಕರ ವೆಬ್‌ಸೈಟೊಂದು ಡ್ರೈವಿಂಗ್ ಲೈಸೆನ್ಸ್ ಫೋಟೊ ಕೇಳುತ್ತಿದೆ. ಕೊಟ್ಟರೆ ನಾನು ಏನು ನೋಡುತ್ತೇನೆಂದು ಸರ್ಕಾರಕ್ಕೆ ಗೊತ್ತಾಗುತ್ತದೆಯೇ? ವೀಸಾಕ್ಕೆ ತೊಂದರೆಯೇ?

ಉತ್ತರ: ಇದೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಯಾರು ಏನು ನೋಡಿದರೆಂದು ಪಟ್ಟಿ ಕಳಿಸಿ ಎಂದು ಟೆಕ್ಸಾಸ್ ಕಾನೂನು ಎಲ್ಲೂ ಹೇಳಿಲ್ಲ. ನೀವೆಲ್ಲ ಸರ್ಕಾರಕ್ಕೆ ಹೆದರುತ್ತೀರಿ. ನನ್ನ ಭಯವಿರುವುದು ಆ ಫೋಟೊ ಹೋಗಿ ಸೇರುವ ಕಂಪನಿಯ ಬಗ್ಗೆ.

ಟೆಕ್ಸಾಸ್‌ನ ಆ ಕಾನೂನು, ಅಂದರೆ 2023ರ ಎಚ್‌ಬಿ 1181 ಪ್ರಕಾರ, ಸೈಟಿನಲ್ಲಿರುವುದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಹಾನಿಕರವಾದ ಲೈಂಗಿಕ ವಸ್ತುವಾಗಿದ್ದರೆ ವಯಸ್ಸು ಪರೀಕ್ಷಿಸಲೇಬೇಕು. 2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ‘ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ’ ಎನ್ನುವ ಯೂಟ್ಯೂಬ್ ಪಂಡಿತರನ್ನು ನಂಬಬೇಡಿ. ವಯಸ್ಸು ನೋಡಿದವರು ಗುರುತಿನ ವಿವರ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಪ್ರತಿ ಸಲಕ್ಕೆ 10,000 ಡಾಲರ್‌ವರೆಗೆ ದಂಡ ಎಂದೂ ಅದರಲ್ಲಿದೆ. ಆದರೆ ಅಳಿಸಿದ್ದಾರೋ ಇಲ್ಲವೋ ಎಂದು ನೀವು ಹೋಗಿ ನೋಡಲಾಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಕಂಪನಿ ಹೇಳಿದ್ದೇನು? ತನ್ನ ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೊಗಳು ಸೋರಿರಬಹುದು ಎಂದು. ವಯಸ್ಸಿನ ತಕರಾರು ಬಗೆಹರಿಸಿಕೊಳ್ಳಲು ಜನ ಕೊಟ್ಟಿದ್ದ ಫೋಟೊಗಳವು.

ನಿಮ್ಮ ಲೈಸೆನ್ಸ್ ಕೈಗೆತ್ತಿಕೊಂಡು ನೋಡಿ. ಹೆಸರು, ಮನೆ ವಿಳಾಸ, ಹುಟ್ಟಿದ ದಿನ, ನಂಬರ್, ಸಹಿ, ಮುಖ. ಸೈಟಿಗೆ ಬೇಕಿರುವುದು 18 ಆಗಿದೆಯೇ ಎಂಬ ಒಂದೇ ಉತ್ತರ. ಅಮೆರಿಕದ ರಾಜ್ಯಗಳಲ್ಲಿ ಎಲ್ಲರಿಗಿಂತ ಮೊದಲು, 2023ರ ಜನವರಿ 1ರಿಂದ ಇಂಥ ಕಾನೂನು ಜಾರಿಗೆ ತಂದ ಲೂಸಿಯಾನಾದಲ್ಲಿ ಎಲ್‌ಎ ವ್ಯಾಲೆಟ್ ಎಂಬ ಡಿಜಿಟಲ್ ಲೈಸೆನ್ಸ್ ಆ್ಯಪ್ ಇದೆ. ಹೆಸರು ವಿಳಾಸ ಬಿಟ್ಟುಕೊಡದೆ ವಯಸ್ಸಾಗಿದೆ ಎಂದಷ್ಟೇ ಹೇಳಲು ಅದರಲ್ಲಿ ದಾರಿಯಿದೆ. ಅಂಥ ದಾರಿ ಇಲ್ಲದ ಕಡೆ ನಾನಾಗಿದ್ದರೆ ಕಾರ್ಡಿನ ಫೋಟೊ ಕೊಡುತ್ತಿರಲಿಲ್ಲ, ಆ ಸೈಟನ್ನೇ ಬಿಡುತ್ತಿದ್ದೆ. ಅತಿ ಎಚ್ಚರಿಕೆ ಎನ್ನಿ, ಪರವಾಗಿಲ್ಲ. ಓದುಗರೊಬ್ಬರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ‘ವಯಸ್ಸಿನ ಪರೀಕ್ಷೆ’ಗೆಂದು ಸೋಷಿಯಲ್ ಸೆಕ್ಯುರಿಟಿ ನಂಬರನ್ನೂ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳಿದ್ದರು. ಅದು ಶುದ್ಧ ಮೋಸ.

ಪ್ರಶ್ನೆ: ನಾವು ಎಲ್ಲಿಂದ ನೋಡುತ್ತಿದ್ದೇವೆಂದು ಸೈಟಿಗೆ ತಿಳಿಯದಂತೆ ಮರೆಮಾಡುವ ಫ್ರೀ ವಿಪಿಎನ್ ಆ್ಯಪ್ ಹಾಕಿಕೊಂಡರೆ ಆಯಿತಲ್ಲವೇ?

ಉತ್ತರ: ಬೇಡ. ಒಬ್ಬರಿಂದ ಮುಚ್ಚಿಟ್ಟದ್ದನ್ನು ಯಾರೆಂದೇ ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಕೊಟ್ಟಂತೆ.

ಪ್ರಶ್ನೆ: ಕಾನೂನು ಬಂದಿದೆಯಲ್ಲ ಸರ್, 13 ವರ್ಷದ ಮಗನ ಫೋನ್ ಇನ್ನು ನೋಡಬೇಕಿಲ್ಲ ತಾನೆ?

ಉತ್ತರ: ಮೂರನೇ ಒಂದು ಭಾಗ ಎಂದೆನಲ್ಲ, ಅಷ್ಟು ತುಂಬದ ಸೈಟು, ಆ್ಯಪ್‌ಗಳಿಗೆ ಇದು ತಟ್ಟುವುದೇ ಇಲ್ಲ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ವಿಡಿಯೊವನ್ನು ಯಾವ ಕಾನೂನು ತಡೆಯುತ್ತದೆ? ಇವತ್ತು ರಾತ್ರಿಯೇ ಮಗನ ಪಕ್ಕ ಕೂತು ಮಾತಾಡಿ, ಬೈಯಬೇಡಿ.

ಪ್ರಶ್ನೆ: ‘ನೀವು ನೋಡಿದ್ದರ ಪಟ್ಟಿ ಸಿಕ್ಕಿದೆ, ದಂಡ ಕಟ್ಟಿ’ ಎಂದು ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನ್ ಬಂದಿದೆ.

ಉತ್ತರ: ವಂಚಕರು. ಒಂದು ರೂಪಾಯಿಯನ್ನೂ ಕಳಿಸಕೂಡದು. ಈಗಲೇ ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ.