ಸಂಪಾದಕರ ಉತ್ತರ: ಹಿಕ್ಕೆಯೊಳಗಿನ ಜಾಲಿ

ಸಿರುಗುಪ್ಪದ ಓದುಗರಿಗೆ ನಮಸ್ಕಾರ.

ಕೃಷ್ಣಮೃಗ ನೋಡಲೆಂದು ತಮಿಳುನಾಡಿನ ಕೋಡಿಯಕ್ಕರೈಗೆ ಹೋದಿರಿ, ಅಲ್ಲಿ ಕಣ್ಣಿಗೆ ಬಿದ್ದದ್ದು ನಿಮ್ಮ ಹೊಲದ ಬದುವಿನ ಬಳ್ಳಾರಿ ಜಾಲಿ. ಹೋದ ಸಂಚಿಕೆಯ ಚಿತ್ರದ ಕೆಳಗೆ ನಾವು ‘ವಲಸೆ ಹಕ್ಕಿಗಳು ಬಿತ್ತಿದ ಜಾಲಿ’ ಎಂದು ಬರೆದದ್ದನ್ನು ನೀವು ಒಪ್ಪಿಲ್ಲ. ‘ನಮ್ಮ ಕಡೆ ಎಮ್ಮೆ ಸಗಣಿಯಲ್ಲೇ ಹುಟ್ಟುತ್ತದೆ, ಅಲ್ಲಿ ಮಾತ್ರ ಹಕ್ಕಿ ಯಾಕೆ?’ ಎಂದಿದ್ದೀರಿ. ಜೆಸಿಬಿ ತರಿಸಿ ಒಂದೇ ಬೇಸಿಗೆಯಲ್ಲಿ ಕಿತ್ತೆಸೆಯಬಾರದೇ ಎಂಬುದು ಎರಡನೇ ಪ್ರಶ್ನೆ.

ತಪ್ಪು ನಮ್ಮದೇ. ಚಿತ್ರದಲ್ಲಿ ರಾಜಹಂಸಗಳಿದ್ದವು, ಹಿಂದೆ ಜಾಲಿ ಇತ್ತು, ಎರಡನ್ನೂ ಗಂಟು ಹಾಕಿಬಿಟ್ಟೆವು. ರಾಜಹಂಸ ಕೆಸರುನೀರನ್ನು ಸೋಸಿ ಸಣ್ಣ ಜೀವಿಗಳನ್ನೂ ಪಾಚಿಯನ್ನೂ ತಿನ್ನುವ ಹಕ್ಕಿ, ಜಾಲಿಕಾಯಿಯ ಗೊಡವೆ ಅದಕ್ಕಿಲ್ಲ. ನಿಮ್ಮ ಎಮ್ಮೆಯ ಲೆಕ್ಕವೇ ಸರಿ.

ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಈ ಗಿಡ ಭಾರತಕ್ಕೆ ಬಂದದ್ದು 1877ರ ಸುಮಾರಿಗೆ. ತಮಿಳರು ಇದನ್ನು ‘ಸೀಮೈ ಕರುವೇಲಂ’ ಎನ್ನುತ್ತಾರೆ. ನಮ್ಮ ಸೀಮೆಎಣ್ಣೆಯ ಸೀಮೆಯೇ ಅದು. ಅವರು ಪರದೇಶಿ ಎಂದು ಕರೆದರು, ನಾವು ಪಾಪ ಬಳ್ಳಾರಿಯ ತಲೆಗೆ ಕಟ್ಟಿದೆವು.

ಇದರ ಕಾಯಿ ಸಿಹಿ. ಒಳಗೆ ಒಂದೊಂದು ಬೀಜಕ್ಕೂ ಗಟ್ಟಿ ಕವಚ. ದನ ಕಾಯಿಯನ್ನು ಅರೆಬರೆ ಜಗಿದು ನುಂಗುತ್ತದೆ, ಸಿಹಿಯಷ್ಟೇ ಅರಗುತ್ತದೆ, ಬೀಜ ಹಾಗೇ ಹೊರಬರುತ್ತದೆ. ಅದೂ ಒಂದೇ ದಿನವಲ್ಲ, ಹಲವು ದಿನ ಸ್ವಲ್ಪ ಸ್ವಲ್ಪವಾಗಿ. ಅಷ್ಟರಲ್ಲಿ ದನ ಎಲ್ಲೆಲ್ಲಿ ಮೇಯ್ದಿರುತ್ತದೋ! ಕುರಿ, ಮೇಕೆಗಳು ಚೆನ್ನಾಗಿ ಅಗಿಯುವುದರಿಂದ ಅವುಗಳ ಹೊಟ್ಟೆಯಲ್ಲಿ ಹೆಚ್ಚು ಬೀಜ ಸಾಯುತ್ತದೆ.

ಹೀಗಾಗಿ ಬೀಜ ಒಯ್ಯುವವರು ಯಾರೆಂದು ಹುಡುಕುವ ಕೆಲಸ ಮೂಗು ಮುಚ್ಚಿಕೊಂಡು ಮಾಡುವಂಥದ್ದು. ಸಗಣಿ, ಲದ್ದಿ, ಹಿಕ್ಕೆಗಳನ್ನು ಪ್ರಾಣಿವಾರು ಆಯ್ದು ತರಬೇಕು, ಜರಡಿಯಲ್ಲಿ ತೊಳೆಯಬೇಕು, ಸಿಕ್ಕ ಬೀಜ ಎಣಿಸಬೇಕು. ಬೀಜ ಸಿಕ್ಕರೆ ಸಾಲದು, ಮೊಳೆಯಬೇಕಲ್ಲ? ಅದಕ್ಕೆ ಹೊಟ್ಟೆಯಿಂದ ಬಂದ ಬೀಜವನ್ನೂ ಕಾಯಿಯಿಂದ ನೇರ ಬಿಡಿಸಿದ್ದನ್ನೂ ಅಕ್ಕಪಕ್ಕ ಬಿತ್ತಿ ಹೋಲಿಸುತ್ತಾರೆ. ಕಾಯಿ ನೀರಲ್ಲಿ ತೇಲುವುದರಿಂದ ಕಾಲುವೆ, ನೆರೆನೀರು ಹರಿದ ಜಾಡನ್ನೂ ಹಿಡಿಯಬೇಕು.

ನನಗೆ ಮರೆಯಲಾಗದ್ದು ಗುಜರಾತಿನ ವೆಳಾವದರ್‌ನಲ್ಲಿ ನಡೆದ ಅಧ್ಯಯನ. ಖಂಭಾತ್ ಕೊಲ್ಲಿಗೆ ಹತ್ತಿರದ ಚೌಳು ಹುಲ್ಲುಗಾವಲು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದ ತಂಡ 2013ರಲ್ಲಿ ಅದನ್ನು ಪ್ರಕಟಿಸಿತು. ಗಂಡು ಕೃಷ್ಣಮೃಗ ಬೆದೆಗಾಲದಲ್ಲಿ ಬಯಲಿನಲ್ಲಿ ತನ್ನದೆಂದು ಒಂದು ಜಾಗ ಹಿಡಿದು, ಅಲ್ಲೇ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುರುತು ಮಾಡುತ್ತದೆ. ಆ ಗುಡ್ಡೆಗಳಲ್ಲಿ ಜಾಲಿಬೀಜ ಸಿಕ್ಕವು. ಸುತ್ತಲಿನ ಬಯಲಿಗಿಂತ ಈ ಜಾಗಗಳಿಗೇ ಹೆಚ್ಚು ಬೀಜ ಬಂದು ಬೀಳುತ್ತಿತ್ತು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ದೂರದ ತನಕ ಕಾಣಬೇಕು, ಓಡಲು ತೆರವಿರಬೇಕು. ಅಂಥ ಜಾಗವನ್ನೇ ಆರಿಸಿ ಮುಳ್ಳು ನೆಡುತ್ತಿದೆ. ಈ ಸಾಲು ಓದಿದ ದಿನ ಊಟ ರುಚಿಸಲಿಲ್ಲ ಎಂದರೆ ನೀವು ನಗಬಹುದು.

ಕೋಡಿಯಕ್ಕರೈಗೆ ಬನ್ನಿ. 1967ರಿಂದ ಅಭಯಾರಣ್ಯ, 2002ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಅಲ್ಲಿ ಕೃಷ್ಣಮೃಗವಲ್ಲದೆ ಚುಕ್ಕೆ ಜಿಂಕೆ ಇದೆ, ಒಡೆಯರಿಲ್ಲದೆ ಕಾಡು ಬಿದ್ದ ಕುದುರೆಗಳಿವೆ. ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ಸಿಹಿಕಾಯಿ ತಿನ್ನದೆ ಬಿಡುವವರಾರು? ಕುದುರೆಗಳನ್ನು ಸಾಗಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಕುದುರೆಯನ್ನು ಹಿಡಿದು ಲಾರಿ ಹತ್ತಿಸಬಹುದು, ಸರಿ. ಯಾವುದನ್ನು ಉಳಿಸಲು ಅಭಯಾರಣ್ಯ ಮಾಡಿದೆವೋ ಆ ಜಿಂಕೆಯನ್ನು ಎಲ್ಲಿಗೆ ಸಾಗಿಸುವುದು?

ಇನ್ನು ಜೆಸಿಬಿ. ಮೇಲೆ ಕಡಿದರೆ ಬುಡ ಚಿಗುರುತ್ತದೆ, ನಿಮಗೇ ಗೊತ್ತು. ಬೇರುಸಮೇತ ಕಿತ್ತರೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಬೀಜ ಉಳಿದಿರುತ್ತದೆ. ನೆಲ ಕೆದಕಿ ಬಿಸಿಲು ಬಿಟ್ಟರೆ ಮೊದಲ ಮಳೆಗೇ ಎದ್ದು ನಿಲ್ಲುತ್ತದೆ. ಹಾಗಂತ ಕೀಳುವುದು ಬೇಡ ಎನ್ನುತ್ತಿಲ್ಲ. ಕಾಯಿ ಹಣ್ಣಾಗುವ ಮೊದಲು ಕೀಳಲಿ, ಕಾಯಿ ಬಿಡುವ ದೊಡ್ಡ ಮರಗಳಿಂದ ಶುರುವಾಗಲಿ. ಹಿಕ್ಕೆ ಬೀಳುವ ಬಯಲಿಗೆ ಪ್ರತಿ ಮಳೆಗಾಲ ಹೋಗಿ ಎಳೆ ಸಸಿಗಳನ್ನು ಕೈಯಲ್ಲೇ ಕೀಳಲಿ. ಈ ಕೊನೆಯ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲ, ಹಾಗಾಗಿ ಹಣವೂ ಸಿಗುವುದು ಕಷ್ಟ.

ಪತ್ರದ ಕೊನೆಯಲ್ಲಿ, ಉದುರಿದ ಕಾಯಿ ಗುಡಿಸಿ ಎಮ್ಮೆಗೆ ಹಾಕುತ್ತೇವೆ ಎಂದಿದ್ದೀರಿ. ಹಾಕಿ, ಒಳ್ಳೆಯ ಮೇವು. ಆದರೆ ಗಿರಣಿಯಲ್ಲಿ ಬೀಜ ಪುಡಿಯಾಗುವಂತೆ ಬೀಸಿಸಿ ಹಾಕಿ. ಚಿತ್ರದ ತಿದ್ದುಪಡಿ ಈ ಸಂಚಿಕೆಯ ಎರಡನೇ ಪುಟದಲ್ಲಿದೆ.

— ಸಂಪಾದಕ