ಹದಿನೈದು ಗೆದ್ದೂ ಬರಿಗೈ: ಅಮೆರಿಕನ್ ಫುಟ್‌ಬಾಲ್ ಋತುವಿನ ಲೆಕ್ಕಾಚಾರ

ಕ್ರೀಡಾ ಪ್ರಶ್ನೋತ್ತರ

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೊದಲ ಪ್ರಶ್ನೆ ಡೆಟ್ರಾಯಿಟ್ ಲಯನ್ಸ್ ತಂಡದ 2024ರ ಋತುವಿನದು. ಆ ಒಂದು ಋತುವಿನಲ್ಲೇ ಬೇಕಾದ ಪಾಠಗಳೆಲ್ಲ ಇರುವುದರಿಂದ ಉಳಿದ ಉತ್ತರಗಳಿಗೂ ಉದಾಹರಣೆ ಅಲ್ಲಿಂದಲೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಂಪನಿಯ ಕ್ಲೈಂಟ್ ಡೆಟ್ರಾಯಿಟ್‌ನವರು. ಲಯನ್ಸ್ 17ರಲ್ಲಿ 15 ಗೆದ್ದು, ಆಮೇಲೆ ಒಂದೇ ಸೋಲಿಗೆ ಮನೆ ಸೇರಿತು ಎಂದು ಇನ್ನೂ ಗೋಳಾಡುತ್ತಾರೆ. ಅದೇ ವರ್ಷ 14 ಗೆದ್ದ ಮಿನೆಸೋಟ ವೈಕಿಂಗ್ಸ್‌ಗೆ ಐದನೇ ಸ್ಥಾನ, ಬರೀ 10 ಗೆದ್ದ ಲಾಸ್ ಏಂಜಲೀಸ್ ರಾಮ್ಸ್‌ಗೆ ನಾಲ್ಕನೇ ಸ್ಥಾನ. ಇದು ಯಾವ ನ್ಯಾಯ?
(ಹಿಂಜವಡಿ, ಪುಣೆ)

ಉತ್ತರ: ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು, ಎರಡು ಕಾನ್ಫರೆನ್ಸ್: ಎನ್‌ಎಫ್‌ಸಿ, ಎಎಫ್‌ಸಿ. ಒಂದೊಂದು ಕಾನ್ಫರೆನ್ಸ್‌ನಲ್ಲಿ ನಾಲ್ಕು ಡಿವಿಷನ್, ಒಂದೊಂದು ಡಿವಿಷನ್‌ನಲ್ಲಿ ನಾಲ್ಕು ತಂಡ. 2020ರಿಂದ ಪ್ರತಿ ಕಾನ್ಫರೆನ್ಸ್‌ನ ಏಳು ತಂಡಗಳು ಪ್ಲೇಆಫ್‌ಗೆ, ಅಂದರೆ ಸೋತವರು ಮನೆ ಸೇರುವ ನಾಕೌಟ್ ಹಂತಕ್ಕೆ, ಹೋಗುತ್ತವೆ. ಒಂದರಿಂದ ನಾಲ್ಕರವರೆಗಿನ ಸೀಡ್ (ಪ್ಲೇಆಫ್‌ನ ಶ್ರೇಯಾಂಕ) ಡಿವಿಷನ್ ಗೆದ್ದವರಿಗೇ ಮೀಸಲು. ಎಷ್ಟೇ ಗೆದ್ದಿರಲಿ, ಡಿವಿಷನ್‌ನಲ್ಲಿ ಎರಡನೆಯವರಾದರೆ ಐದರಿಂದ ಕೆಳಗೇ ನಿಲ್ಲಬೇಕು.

ಲಯನ್ಸ್, ವೈಕಿಂಗ್ಸ್ ಎರಡೂ ಎನ್‌ಎಫ್‌ಸಿ ನಾರ್ತ್‌ನವು. 2025ರ ಜನವರಿ 5ರಂದು, ಋತುವಿನ ಕೊನೆಯ ಪಂದ್ಯದಲ್ಲಿ, 14–2 (14 ಗೆಲುವು, 2 ಸೋಲು) ದಾಖಲೆಯಿಟ್ಟುಕೊಂಡು ಎರಡೂ ಎದುರುಬದುರಾದವು. ಗೆದ್ದವರಿಗೆ ಒಂದನೇ ಸೀಡ್: ಮೊದಲ ಸುತ್ತಿನಲ್ಲಿ ವಿಶ್ರಾಂತಿ, ಫೈನಲ್ ಆದ ಸೂಪರ್‌ಬೌಲ್‌ವರೆಗೆ ಎಲ್ಲ ಪಂದ್ಯ ತವರಿನಲ್ಲೇ. ಸೋತವರು ನೇರ ಐದನೇ ಸೀಡ್‌ಗೆ, ಮುಂದಿನ ವಾರವೇ ಪರಸ್ಥಳಕ್ಕೆ. ಲಯನ್ಸ್ 31–9ರಿಂದ ಗೆದ್ದಿತು. ವೈಕಿಂಗ್ಸ್ ರಾಮ್ಸ್ ಎದುರು ಆಡಬೇಕಾಯಿತು. ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನಿಂದಾಗಿ ಆ ಪಂದ್ಯ ಅರಿಜೋನಾಕ್ಕೆ ಸ್ಥಳಾಂತರವಾದರೂ ವೈಕಿಂಗ್ಸ್‌ಗೆ ಲಾಭವಾಗಲಿಲ್ಲ: ರಾಮ್ಸ್ 27–9ರಿಂದ ಗೆದ್ದಿತು. ವೈಕಿಂಗ್ಸ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಸ್ಯಾಮ್ ಡಾರ್ನಾಲ್ಡ್ ಒಂಬತ್ತು ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿ ಅವರನ್ನು ಕೆಡವಿದರು. ಇನ್ನು ರಾಮ್ಸ್‌ನ ಆ ನಾಲ್ಕನೇ ಸೀಡ್ ಕೂಡ ಸಲೀಸಾಗಿ ಬಂದದ್ದಲ್ಲ. ಸಿಯಾಟಲ್ ಸೀಹಾಕ್ಸ್‌ದೂ 10–7, ಪರಸ್ಪರ ಪಂದ್ಯಗಳಲ್ಲಿ ಒಂದೊಂದು ಗೆಲುವು. ಕೊನೆಗೆ ಇತ್ಯರ್ಥವಾದದ್ದು, ಯಾರು ಸೋಲಿಸಿದ ಎದುರಾಳಿಗಳ ಗೆಲುವಿನ ಪ್ರಮಾಣ ಹೆಚ್ಚು ಎಂಬ ಲೆಕ್ಕದಲ್ಲಿ.

ಲಯನ್ಸ್ ಕಥೆ ಮುಗಿದದ್ದು ಜನವರಿ 18ರಂದು, ತವರಿನ ಫೋರ್ಡ್ ಫೀಲ್ಡ್‌ನಲ್ಲಿ, ಆರನೇ ಸೀಡ್ ವಾಷಿಂಗ್ಟನ್ ಕಮಾಂಡರ್ಸ್ ಕೈಯಲ್ಲಿ, 45–31. ಅಂದು ಲಯನ್ಸ್ ಐದು ಸಲ ಚೆಂಡು ಕಳೆದುಕೊಂಡಿತು. ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಎಸೆದ ಮೂರು ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್), ಅದರಲ್ಲೊಂದು ನೇರ ಟಚ್‌ಡೌನ್ (ತುದಿಗೆರೆ ದಾಟಿ ಗಳಿಸುವ ಅಂಕ) ಆಗಿ ವಾಪಸ್. ಅವರದೇ ಒಂದು ಫಂಬಲ್, ಅಂದರೆ ಕೈಜಾರಿದ ಚೆಂಡು. ಸಾಲದ್ದಕ್ಕೆ ಪಾಸ್ ಹಿಡಿಯಬೇಕಾದ ರಿಸೀವರ್ ಜೇಮ್ಸನ್ ವಿಲಿಯಮ್ಸ್ ಕೈಯಲ್ಲಿ ಪಾಸ್ ಎಸೆಸುವ ಚಮತ್ಕಾರಕ್ಕೆ ಹೋಗಿ ಇನ್ನೊಂದು ಇಂಟರ್‌ಸೆಪ್ಷನ್. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವ ಸರದಿಗಳು ಸಾಮಾನ್ಯವಾಗಿ ಹತ್ತು ಹನ್ನೆರಡು. ಅದರಲ್ಲಿ ಐದನ್ನು ದಾನ ಮಾಡಿದ ಮೇಲೆ, ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು, 564 ಅಂಕ ಹೊಡೆದ ತಂಡವಾದರೂ ಏನು ಮಾಡೀತು?

ಸೀಡ್ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನಮ್ಮ ಬೆಂಬಲವಿದೆ. ಡಿವಿಷನ್ ಗೆದ್ದವರಿಗೆ ಪ್ಲೇಆಫ್ ಪ್ರವೇಶ ಕೊಡಲಿ, ತವರು ಪಂದ್ಯವನ್ನೂ ಕೊಡಬೇಕೇ? 2010ರಲ್ಲಿ 7–9 ದಾಖಲೆಯ ಸೀಹಾಕ್ಸ್ ಡಿವಿಷನ್ ಗೆದ್ದು, ತವರಿನಲ್ಲಿ ಆಡಿ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನೇ ಹೊರಹಾಕಿತ್ತು. 2008ರಲ್ಲಿ 11–5 ಇದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಪ್ಲೇಆಫೇ ಸಿಗಲಿಲ್ಲ. ತಮಾಷೆಯೆಂದರೆ, ಗೆಲುವಿನ ಪ್ರಮಾಣದ ಮೇಲೆ ಸೀಡ್ ಕೊಡಿ ಎಂದು 2025ರಲ್ಲಿ ಪ್ರಸ್ತಾಪ ಮಂಡಿಸಿದ್ದು, ಹಳೆಯ ನಿಯಮದಿಂದ ಲಾಭ ಪಡೆದ ಲಯನ್ಸ್ ತಂಡವೇ. ಬೆಂಬಲ ಸಾಲದೆ ಮೇ ತಿಂಗಳಲ್ಲಿ ಹಿಂದಕ್ಕೆ ಪಡೆಯಿತು.

ಪ್ರಶ್ನೆ: 32 ತಂಡಗಳಿದ್ದು ಒಬ್ಬರಿಗೆ 17 ಪಂದ್ಯ ಮಾತ್ರ ಅಂದಮೇಲೆ ಯಾರ ಎದುರು ಯಾರು ಎಂದು ಚೀಟಿ ಎತ್ತುತ್ತಾರೆಯೇ?
(ಮಾಟುಂಗಾ, ಮುಂಬಯಿ)

ಉತ್ತರ: ಚೀಟಿಯಿಲ್ಲ, ಸೂತ್ರವಿದೆ. ಡಿವಿಷನ್‌ನ ಮೂರು ತಂಡಗಳ ಜೊತೆ ಎರಡೆರಡು ಸಲ, ಆರು. ಸ್ವಂತ ಕಾನ್ಫರೆನ್ಸ್‌ನ ಒಂದು ಇಡೀ ಡಿವಿಷನ್ ಜೊತೆ ನಾಲ್ಕು. ಇದು ಮೂರು ವರ್ಷಕ್ಕೊಮ್ಮೆ ಸುತ್ತುತ್ತದೆ. ಎದುರು ಕಾನ್ಫರೆನ್ಸ್‌ನ ಒಂದು ಡಿವಿಷನ್ ಜೊತೆ ನಾಲ್ಕು. ಇದರ ಸುತ್ತು ನಾಲ್ಕು ವರ್ಷ. ಉಳಿದ ಮೂರು ಪಂದ್ಯಗಳಲ್ಲಿದೆ ಮಜಾ. ಸ್ವಂತ ಕಾನ್ಫರೆನ್ಸ್‌ನಲ್ಲಿ ಬಾಕಿ ಉಳಿದ ಎರಡು ಡಿವಿಷನ್‌ಗಳಿಂದ ಒಂದೊಂದು, 2021ರಲ್ಲಿ ಸೇರಿದ ಹದಿನೇಳನೆಯದು ಎದುರು ಕಾನ್ಫರೆನ್ಸ್‌ನಿಂದ. ಈ ಮೂವರೂ ಹಿಂದಿನ ವರ್ಷ ತಮ್ಮ ಡಿವಿಷನ್‌ನಲ್ಲಿ ನಿಮ್ಮಷ್ಟೇ ಸ್ಥಾನ ಪಡೆದವರಾಗಿರಬೇಕು. ಮೊದಲಿಗರಿಗೆ ಮೊದಲಿಗರು, ಕೊನೆಯವರಿಗೆ ಕೊನೆಯವರು.

2023ರಲ್ಲಿ ಡಿವಿಷನ್ ಗೆದ್ದ ಲಯನ್ಸ್‌ಗೆ 2024ರಲ್ಲಿ ಹೀಗೆ ಬಂದವರು ಡಲ್ಲಾಸ್ ಕೌಬಾಯ್ಸ್, ಟ್ಯಾಂಪಾ ಬೇ ಬಕನಿಯರ್ಸ್ ಮತ್ತು ಬಫಲೊ ಬಿಲ್ಸ್. ಡಲ್ಲಾಸ್ ವಿರುದ್ಧ 47–9ರ ಗೆಲುವು. ಆದರೆ ಋತುವಿನ ಎರಡೇ ಸೋಲುಗಳು ಉಳಿದ ಇಬ್ಬರ ಕೈಯಲ್ಲಿ: ಬಕನಿಯರ್ಸ್ 20–16, ಬಿಲ್ಸ್ 48–42. ಮಿಕ್ಕ 14 ಪಂದ್ಯಗಳಲ್ಲಿ ಸೋಲೇ ಇಲ್ಲ. ಮುಂದಿನ ಋತುವಿನ ಅಂದಾಜು ಹಾಕುವವರು ಮೊದಲು ನೋಡಬೇಕಾದದ್ದು ಈ ಮೂರು ಹೆಸರುಗಳನ್ನು. 17 ಬೆಸಸಂಖ್ಯೆಯಾದ್ದರಿಂದ ಒಂದು ತವರು ಪಂದ್ಯ ಹೆಚ್ಚಾಗುತ್ತದೆ. ಸಮ ವರ್ಷಗಳಲ್ಲಿ ಎನ್‌ಎಫ್‌ಸಿ ತಂಡಗಳಿಗೆ, ಬೆಸ ವರ್ಷಗಳಲ್ಲಿ ಎಎಫ್‌ಸಿ ತಂಡಗಳಿಗೆ ಒಂಬತ್ತು. ತವರು ಅಂದರೆ ಗೆಲುವು ಎಂದು ಮಾತ್ರ ತಿಳಿಯಬೇಡಿ: ಲಯನ್ಸ್ ಹೊರಗಿನ ಎಂಟೂ ಪಂದ್ಯ ಗೆದ್ದಿತ್ತು, ಪ್ಲೇಆಫ್ ಸೇರಿ ಸೋತ ಮೂರೂ ಫೋರ್ಡ್ ಫೀಲ್ಡ್‌ನಲ್ಲೇ.

ಪ್ರಶ್ನೆ: ಸಮ ಗೆಲುವಾದರೆ ನಮ್ಮ ಫುಟ್‌ಬಾಲ್‌ನಂತೆ ಗೋಲು ವ್ಯತ್ಯಾಸ ನೋಡುತ್ತಾರೆಯೇ? ಡ್ರಾ ಆಗುವುದುಂಟೆ?
(ವಾಸ್ಕೋ, ಗೋವಾ)

ಉತ್ತರ: ಅಂಕಗಳ ವ್ಯತ್ಯಾಸ ಪಟ್ಟಿಯ ತೀರ ಕೆಳಗಿದೆ, ಅಲ್ಲಿಯವರೆಗೆ ಹೋಗುವ ಪ್ರಸಂಗ ಬರುವುದೇ ಕಷ್ಟ. ಒಂದೇ ಡಿವಿಷನ್‌ನವರಾದರೆ ಪರಸ್ಪರ ಪಂದ್ಯ, ಡಿವಿಷನ್ ದಾಖಲೆ, ಸಮಾನ ಎದುರಾಳಿಗಳ ವಿರುದ್ಧದ ದಾಖಲೆ, ಕಾನ್ಫರೆನ್ಸ್ ದಾಖಲೆ, ಆಮೇಲೆ ರಾಮ್ಸ್‌ಗೆ ನೆರವಾದ ಆ ಲೆಕ್ಕ. ಡ್ರಾ ಇದೆ, ಲೀಗ್ ಹಂತದಲ್ಲಿ ಮಾತ್ರ. ಹತ್ತು ನಿಮಿಷದ ಓವರ್‌ಟೈಮ್ ಮುಗಿದೂ ಸಮವಾಗಿದ್ದರೆ ಇಬ್ಬರಿಗೂ ಅರ್ಧ ಗೆಲುವು, ಅರ್ಧ ಸೋಲು. ಕೆಳಗಿನ ದರ್ಜೆಗೆ ಇಳಿಸುವ ಪದ್ಧತಿ ಇಲ್ಲ. 2008ರಲ್ಲಿ ಇದೇ ಲಯನ್ಸ್ 16ಕ್ಕೆ 16 ಸೋತೂ ಲೀಗ್‌ನಲ್ಲೇ ಉಳಿಯಿತು, ಕಾಲೇಜಿನಿಂದ ಬರುವ ಹೊಸಬರನ್ನು ತಂಡಗಳು ಸರದಿಯಂತೆ ಆರಿಸುವ ಮರುವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯನ್ನೂ ಪಡೆಯಿತು.

ಪ್ರಶ್ನೆ: ಆಫೀಸಿನ ಫ್ಯಾಂಟಸಿ ಲೀಗ್‌ನಲ್ಲಿ ನಾನು ಆರಿಸಿದವರು ಆಡುವುದೇ ಇಲ್ಲ. 53 ಮಂದಿಯ ತಂಡದಲ್ಲಿ ಯಾರು ಕಣಕ್ಕಿಳಿಯುತ್ತಾರೆಂದು ಮೊದಲೇ ತಿಳಿಯುವುದು ಹೇಗೆ?
(ಡೊಂಬಿವಲಿ)

ಉತ್ತರ: ತರಬೇತಿ ಶಿಬಿರದಲ್ಲಿ 90 ಆಟಗಾರರು. ಆಗಸ್ಟ್ ಕೊನೆಯಲ್ಲಿ ಒಂದೇ ಏಟಿಗೆ 53ಕ್ಕೆ ಇಳಿಸುತ್ತಾರೆ. ಪಂದ್ಯದ ದಿನ ಅವರೆಲ್ಲರೂ ಆಡುವಂತಿಲ್ಲ. ಎಂಟು ಆಫೆನ್ಸಿವ್ ಲೈನ್‌ಮನ್‌ಗಳಿದ್ದರೆ (ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಕಾಯುವವರು) 48, ಇಲ್ಲದಿದ್ದರೆ 47 ಮಂದಿ. ಪಕ್ಕದಲ್ಲಿ 16 ಜನರ ಪ್ರಾಕ್ಟೀಸ್ ಸ್ಕ್ವಾಡ್. ಅಲ್ಲಿಂದ ಪಂದ್ಯಕ್ಕೆ ಇಬ್ಬರನ್ನು ಮೇಲಕ್ಕೆ ತರಬಹುದು. ಹೀಗೆ ಒಬ್ಬನನ್ನು ಋತುವಿನಲ್ಲಿ ಮೂರು ಸಲ ಆಡಿಸಿದ ಮೇಲೆ ಮತ್ತೆ ಬೇಕೆಂದರೆ 53ರೊಳಗೇ ಸೇರಿಸಿಕೊಳ್ಳಬೇಕು.

ಭಾನುವಾರದ ಪಂದ್ಯಕ್ಕೆ ಬುಧ, ಗುರು, ಶುಕ್ರ ಮೂರು ದಿನ ಗಾಯಾಳುಗಳ ವರದಿ ಬರುತ್ತದೆ. ಒಂದು ದಿನದ್ದನ್ನು ನೋಡಿ ತೀರ್ಮಾನಿಸುವುದೇ ನಿಮ್ಮ ತಪ್ಪಾಗಿರಬೇಕು. ಬುಧವಾರ ಹಿರಿಯ ಆಟಗಾರರಿಗೆ ಸುಮ್ಮನೆ ವಿಶ್ರಾಂತಿ ಕೊಡುವುದುಂಟು. ಆ ದಿನದ ಗೈರು ಗಾಬರಿಗೆ ಕಾರಣವಲ್ಲ. ಬುಧವಾರ ಪೂರ್ತಿ ಅಭ್ಯಾಸ ಮಾಡಿದವನು ಶುಕ್ರವಾರ ಗೈರಾದರೆ ಗಾಬರಿಯಾಗಬೇಕು, ವಾರದ ನಡುವೆ ಏನೋ ಆಗಿದೆ ಎಂದರ್ಥ. ಶುಕ್ರವಾರದ ಷರಾದಲ್ಲಿ ‘ಔಟ್’ ಎಂದರೆ ಇಲ್ಲ, ‘ಡೌಟ್‌ಫುಲ್’ ಎಂದರೆ ಹೆಚ್ಚುಕಡಿಮೆ ಇಲ್ಲ, ‘ಕ್ವೆಶ್ಚನಬಲ್’ ಎಂದರೆ ಎರಡೂ ಸಾಧ್ಯ. ಅಂತಿಮ ಪಟ್ಟಿ ಬರುವುದು ಪಂದ್ಯಕ್ಕೆ 90 ನಿಮಿಷ ಮುಂಚೆ. ಸೆಪ್ಟೆಂಬರ್, ಅಕ್ಟೋಬರ್‌ನ ಭಾನುವಾರದ ಮೊದಲ ಪಂದ್ಯಗಳಿಗೆ ಅದು ನಮ್ಮ ರಾತ್ರಿ 9 ಗಂಟೆ. ಊಟ ಮುಗಿಸಿ ಫೋನ್ ನೋಡುವಷ್ಟು ಅನುಕೂಲದ ವೇಳೆ, ಬಿಡಬೇಡಿ.

ದೀರ್ಘ ಗಾಯಾಳುಗಳ ಪಟ್ಟಿಯಾದ ‘ಇಂಜ್ಯೂರ್ಡ್ ರಿಸರ್ವ್’ ಸೇರಿದವನು ಕನಿಷ್ಠ ನಾಲ್ಕು ಪಂದ್ಯ ತಪ್ಪಿಸಿಕೊಳ್ಳುತ್ತಾನೆ, ಅಂಥವನನ್ನು ನಂಬಿ ಜಾಗ ಹಿಡಿದಿಡಬೇಡಿ. ಲಯನ್ಸ್ 2024ರಲ್ಲಿ ಬಡಕಲಾದದ್ದೂ ಇಲ್ಲೇ. ಐದು ಪಂದ್ಯಗಳಲ್ಲಿ ಏಳೂವರೆ ಸ್ಯಾಕ್ ಮಾಡಿದ್ದ, ರಕ್ಷಣಾ ಸಾಲಿನ ಏಡನ್ ಹಚಿನ್‌ಸನ್ ಅಕ್ಟೋಬರ್ 13ರಂದು ಡಲ್ಲಾಸ್‌ನಲ್ಲಿ ಕಾಲು ಮುರಿದುಕೊಂಡರು. ನವೆಂಬರ್ 5ರಂದು, ಆಟಗಾರರ ವಿನಿಮಯದ ಕೊನೆಯ ದಿನ, ಕ್ಲೀವ್‌ಲ್ಯಾಂಡ್‌ನಿಂದ ಝಡೇರಿಯಸ್ ಸ್ಮಿತ್‌ರನ್ನು ತಂದು ತೂತು ಮುಚ್ಚಿದ್ದಾಯಿತು. ಡಿಸೆಂಬರ್‌ನಲ್ಲಿ ಬಿಲ್ಸ್ ವಿರುದ್ಧ ಅದೇ ಸಾಲಿನ ಆಲಿಮ್ ಮ್ಯಾಕ್‌ನೀಲ್ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡಾಗ ವಿನಿಮಯದ ಬಾಗಿಲು ಮುಚ್ಚಿತ್ತು. ಆಗ ಉಳಿಯುವುದು ಯಾರೂ ಕೊಳ್ಳದೆ ಬಿಟ್ಟವರು ಮತ್ತು ಬೇರೆಯವರ ಪ್ರಾಕ್ಟೀಸ್ ಸ್ಕ್ವಾಡ್ ಮಾತ್ರ. ವಾಷಿಂಗ್ಟನ್ ಹೊಡೆದ 45 ಅಂಕಗಳಿಗೆ ಗಾಫ್ ಒಬ್ಬರನ್ನೇ ದೂರುವವರು ಇದನ್ನು ಮರೆಯುತ್ತಾರೆ.

ಪ್ರಶ್ನೆ: ಪಂದ್ಯಗಳು ನಮ್ಮ ಗಡಿಯಾರಕ್ಕೆ ಎಷ್ಟು ಹೊತ್ತಿಗೆ?
(ಮುಲುಂಡ್)

ಉತ್ತರ: ನವೆಂಬರ್‌ನ ಮೊದಲ ಭಾನುವಾರ ಬರುವವರೆಗೆ, ಭಾನುವಾರದ ಮೊದಲ ಗುಂಪು ರಾತ್ರಿ 10.30ಕ್ಕೆ, ಎರಡನೆಯದು ನಡುರಾತ್ರಿ ದಾಟಿ ಸುಮಾರು 1.55ಕ್ಕೆ, ಕೊನೆಯದು ಸೋಮವಾರ ಬೆಳಿಗ್ಗೆ 5.50ಕ್ಕೆ. ‘ಮಂಡೇ ನೈಟ್’ ನಮಗೆ ಮಂಗಳವಾರ ಬೆಳಿಗ್ಗೆ 5.45. ಆ ಭಾನುವಾರದಿಂದ ಅಮೆರಿಕದ ಗಡಿಯಾರ ಹಿಂದೆ ಸರಿಯುವುದರಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿ. ಪಂದ್ಯಕ್ಕೆ ಮೂರು ಗಂಟೆ ಹಿಡಿಯುತ್ತದೆ. ಬೆಳಗಿನ ಲೋಕಲ್ ಹಿಡಿಯುವವರಿಗೆ ಮೊದಲರ್ಧವಷ್ಟೇ ದಕ್ಕೀತು. ಸಂಸಾರಸ್ಥರಿಗೆ ಹೇಳಿಮಾಡಿಸಿದ್ದು ಅಕ್ಟೋಬರ್‌ನ ಲಂಡನ್ ಪಂದ್ಯಗಳು, ಭಾನುವಾರ ಸಂಜೆ 7ಕ್ಕೆ. ನವೆಂಬರ್‌ನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ದಿನ, ಲಯನ್ಸ್ ತವರಿನಲ್ಲಿ ಆಡುವುದು 1934ರಿಂದ ಬಂದ ರೂಢಿ. 2024ರಲ್ಲಿ ಅದು ನಮ್ಮ ರಾತ್ರಿ 11ಕ್ಕೆ ಶುರುವಾಗಿತ್ತು. ಸೂಪರ್‌ಬೌಲ್ ಫೆಬ್ರವರಿಯ ಎರಡನೇ ಭಾನುವಾರ, ನಮಗೆ ಸೋಮವಾರ ಬೆಳಿಗ್ಗೆ 5ಕ್ಕೆ. ರಜೆಯ ಅರ್ಜಿ ಮೊದಲೇ ಹಾಕಿಡಿ.

ಪ್ರಶ್ನೆ: ಸಂಬಳಕ್ಕೆ ಮಿತಿಯಿದೆ ಎನ್ನುತ್ತಾರೆ. ಆದರೂ ಒಬ್ಬೊಬ್ಬರಿಗೆ ಕೋಟಿಗಟ್ಟಲೆ ಡಾಲರ್ ಬೋನಸ್. ಲೆಕ್ಕ ಹೇಗೆ ಕೂಡುತ್ತದೆ? ನಾನು ಸಿಎ, ಧಾರಾಳವಾಗಿ ಅಂಕಿ ಕೊಡಿ.
(ಫೋರ್ಟ್, ಮುಂಬಯಿ)

ಉತ್ತರ: 2025ರ ಮಿತಿ ತಂಡವೊಂದಕ್ಕೆ 27.92 ಕೋಟಿ ಡಾಲರ್. ದಂಡ ಕಟ್ಟಿ ದಾಟುವ ಅವಕಾಶವಿಲ್ಲ. ಸಹಿ ಬೋನಸ್ ನಗದಾಗಿ ಕೈಸೇರಿದರೂ ಪುಸ್ತಕದಲ್ಲಿ ಗರಿಷ್ಠ ಐದು ವರ್ಷಕ್ಕೆ ಹಂಚಿ ಬರೆಯಬಹುದು. ಐದು ವರ್ಷದ ಒಪ್ಪಂದಕ್ಕೆ 3 ಕೋಟಿ ಬೋನಸ್ ಎಂದಿಟ್ಟುಕೊಳ್ಳಿ, ವರ್ಷಕ್ಕೆ 60 ಲಕ್ಷ ಖರ್ಚು ಬೀಳುತ್ತದೆ. ಎರಡು ವರ್ಷಕ್ಕೇ ಆಟಗಾರನನ್ನು ಕೈಬಿಟ್ಟರೆ ಉಳಿದ 1.8 ಕೋಟಿ ಒಟ್ಟಿಗೆ ಆ ವರ್ಷದ ಮಿತಿಯೊಳಗೆ ಬಂದು ಕೂರುತ್ತದೆ. ಜೂನ್ 1ರ ನಂತರ ಬಿಟ್ಟರೆ 60 ಲಕ್ಷ ಈ ವರ್ಷ, 1.2 ಕೋಟಿ ಮುಂದಿನ ವರ್ಷ. ಇದೇ ‘ಡೆಡ್ ಮನಿ’. ಈ ವರ್ಷದ ಸಂಬಳವನ್ನು ಬೋನಸ್ಸಾಗಿ ಪರಿವರ್ತಿಸಿ ಮುಂದಕ್ಕೆ ತಳ್ಳುವುದೂ ಉಂಟು. ತಳ್ಳಿದ್ದು ಎಲ್ಲೂ ಹೋಗುವುದಿಲ್ಲವೆಂದು ನಿಮಗೆ ಹೇಳಬೇಕಿಲ್ಲ. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ರನ್ನು ಬಿಟ್ಟ ಡೆನ್ವರ್ ಬ್ರಾಂಕೋಸ್ ಎರಡು ವರ್ಷಗಳಲ್ಲಿ ಸುಮಾರು 8.5 ಕೋಟಿ ಡಾಲರ್ ಹೀಗೆ ಹೊತ್ತಿತು. ಆದರೂ ಆ ವರ್ಷ 10–7 ಮಾಡಿ ಪ್ಲೇಆಫ್ ಮುಟ್ಟಿದ್ದು ಹೊಸ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಬಲದಿಂದ. ಡ್ರಾಫ್ಟ್‌ನಲ್ಲಿ ಬಂದವರ ಸಂಬಳ ಮೊದಲೇ ನಿಗದಿ, ಅಗ್ಗ. ಅಗ್ಗದ ಕ್ವಾರ್ಟರ್‌ಬ್ಯಾಕ್ ಇರುವ ಕೆಲವೇ ವರ್ಷಗಳಲ್ಲಿ ಉಳಿದ ಜಾಗಗಳಿಗೆ ದುಡ್ಡು ಸುರಿಯಬೇಕು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಗೆ ಈ ಆಟ ಕಲಿಸಬಹುದೇ? ಹೆಲ್ಮೆಟ್, ಪ್ಯಾಡ್ ಎಲ್ಲ ತರಿಸಲು ಶಕ್ತಿಯಿಲ್ಲ.
(ಕಾತ್ರಜ್, ಪುಣೆ)

ಉತ್ತರ: ಅವು ಬೇಡವೇ ಬೇಡ, ಎದುರಾಳಿಯನ್ನು ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಕಲಿಸಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಇದನ್ನು ಸೇರಿಸುವ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲೇ ನಡೆದ ಒಲಿಂಪಿಕ್ ಸಮಿತಿ ಅಧಿವೇಶನದಲ್ಲಿ, ಕ್ರಿಕೆಟ್ ಜೊತೆಗೆ. ತಂಡಕ್ಕೆ ಐವರು, ಇಪ್ಪತ್ತು ನಿಮಿಷದ ಎರಡು ಅವಧಿ. ಅಂಗಣ 70 ಗಜ ಉದ್ದ, 25 ಗಜ ಅಗಲ. ಅಂದರೆ 64 ಮೀಟರ್, 23 ಮೀಟರ್. ಅದರಲ್ಲಿ ಎರಡೂ ತುದಿಯ ಹತ್ತು ಹತ್ತು ಗಜ ಎಂಡ್‌ಜೋನ್, ಅಂದರೆ ಅಂಕ ಗಳಿಸುವ ಜಾಗ. ನಮ್ಮ ಫುಟ್‌ಬಾಲ್‌ನ ಪೂರ್ಣಪ್ರಮಾಣದ ಮೈದಾನವಿದ್ದರೆ ಅಕ್ಕಪಕ್ಕ ಎರಡು ಅಂಗಣ ನಿರಾಳವಾಗಿ ಕೂರುತ್ತವೆ. ನಾಲ್ಕು ಯತ್ನದಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಅಂಕ ಗಳಿಸಲು ಮತ್ತೆ ನಾಲ್ಕು.

ಸೊಂಟದ ಬೆಲ್ಟಿನಿಂದ ಪಟ್ಟಿ ಕಿತ್ತರೆ ಅದೇ ಟ್ಯಾಕಲ್. ಜಗಳ ಹುಟ್ಟುವುದೂ ಅಲ್ಲೇ. ಅಂಗಿ ಹೊರಗೆ ಬಿಟ್ಟರೆ ಪಟ್ಟಿ ಮುಚ್ಚಿಹೋಗುತ್ತದೆ, ಒಳಗೆ ಸೇರಿಸಲು ಹೇಳಿ. ಜೇಬಿರುವ ಚಡ್ಡಿ ಬೇಡ. ಪಟ್ಟಿಗೆ ಹಾಕಿದ ಬೆರಳು ಜೇಬಿಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಚೆಂಡು ಹಿಡಿದವನು ಕೈಯಿಂದ ಪಟ್ಟಿಗೆ ಅಡ್ಡ ಹಿಡಿಯುವುದು ತಪ್ಪು. ಕಬಡ್ಡಿ ಆಡಿದ ಮಕ್ಕಳು ಎದುರಾಳಿಯ ಕೈ ತಟ್ಟಿಬಿಡುವ ಅಭ್ಯಾಸದಲ್ಲಿ ಇದನ್ನು ಪದೇ ಪದೇ ಮಾಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು ಆಟ ಶುರುವಾಗುವ ಗೆರೆಯಿಂದ ಏಳು ಗಜ ಹಿಂದೆ ನಿಂತು ಹೊರಡಬೇಕು. ಆ ಜಾಗಕ್ಕೊಂದು ಕೋನ್ ಇಡಿ, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಚೆಂಡು ಮಕ್ಕಳ ಅಳತೆಯದೇ ಇರಲಿ. ದೊಡ್ಡವರ ಚೆಂಡು ಹನ್ನೆರಡು ವರ್ಷದವರ ಬೆರಳಿಗೆ ನಿಲ್ಲದೆ ಓಲಾಡುತ್ತ ಹೋಗುತ್ತದೆ, ಎಸೆಯುವ ಶೈಲಿಯೂ ಕೆಡುತ್ತದೆ.