ಎಟಿವಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗಬಹುದೇ?
ಕಲಬುರಗಿ ಸಮೀಪದ ತೊಗರಿ ಹೊಲದಲ್ಲಿ ಓಡಾಡಲು ಎಟಿವಿ (ಹ್ಯಾಂಡಲ್ ಹಿಡಿದು ಓಡಿಸುವ, ಕಚ್ಚಾ ನೆಲಕ್ಕೆಂದಿರುವ ನಾಲ್ಕು ಗಾಲಿಯ ಗಾಡಿ) ಕೊಂಡಿರುವ ತಾವು, ಆರು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು ಹೊಲದಲ್ಲೂ ಊರ ರಸ್ತೆಯಲ್ಲೂ ಹೋಗಬಹುದೇ ಎಂದು ಕೇಳಿದ್ದೀರಿ. ಎರಡೂ ಕಡೆ ಬೇಡವೆಂಬುದೇ ನನ್ನ ಉತ್ತರ.

ರಸ್ತೆಯ ಮಾತು ಸರಳ. ನೋಂದಣಿಯಿಲ್ಲದ ವಾಹನವನ್ನು ರಸ್ತೆಯಲ್ಲಿ ಓಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ನಿಷೇಧಿಸುತ್ತದೆ. ನಮ್ಮಲ್ಲಿ ಮಾರಾಟವಾಗುವ ಎಟಿವಿಗಳಲ್ಲಿ ಹೆಚ್ಚಿನವು ರಸ್ತೆಗೆಂದು ಅನುಮೋದನೆ ಪಡೆದವಲ್ಲ. ಮುಂದೆಂದಾದರೂ ಮಗಳ ಕೈಗೇ ಹ್ಯಾಂಡಲ್ ಕೊಟ್ಟು ರಸ್ತೆಗಿಳಿಸಿದರೆ, 199ಎ ಕಲಮಿನಡಿ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷಗಳವರೆಗೆ ಜೈಲು ಆಗಬಹುದು.

ಹೊಲದೊಳಗಿನ ಅಪಾಯ ಇದಕ್ಕಿಂತ ದೊಡ್ಡದು. ಸೀಟು ಉದ್ದವಿರುವುದು ಇಬ್ಬರು ಕೂರಲಿ ಎಂದಲ್ಲ. ಒಂದು ಗಾಲಿ ಬದುವಿನ ಮೇಲೇರಿ ಗಾಡಿ ವಾಲಿದಾಗ ಸವಾರನು ತನ್ನ ಮೈಭಾರವನ್ನು ಎದುರು ದಿಕ್ಕಿಗೆ ಸರಿಸಿ ಸಮತೋಲ ಕಾಯ್ದುಕೊಳ್ಳಲೆಂದು. ಮುಂದೆ ಮಗು ಕುಳಿತಿದ್ದರೆ ಹಾಗೆ ಸರಿಯಲು ಜಾಗವಿರುವುದಿಲ್ಲ, ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ. ಎಕ್ಸಲರೇಟರ್ ಬಲಗೈ ಹೆಬ್ಬೆರಳಿನಿಂದ ಒತ್ತುವ ಪುಟ್ಟ ಲಿವರ್ ಆದ್ದರಿಂದ, ಹೆದರಿದ ಮಗು ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಅದೇ ಒತ್ತಿಹೋಗಬಹುದು. ಗಾಡಿ ಮಗುಚಿದರೆ ಮೊದಲು ಸಿಕ್ಕಿಕೊಳ್ಳುವುದೂ ಮಗುವೇ. ಮಳೆಗೆ ಒದ್ದೆಯಾದ ಎರೆಮಣ್ಣು ಹೇಗೆ ಜಾರುತ್ತದೆಂದು ತಮಗೆ ನಾನು ಹೇಳಬೇಕಿಲ್ಲ. 16 ವರ್ಷದೊಳಗಿನವರು ಎಟಿವಿ ಏರಲೇಬಾರದೆಂಬುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ.

ಇಬ್ಬರಿಗೆಂದೇ ತಯಾರಾದ ಮಾದರಿಗಳಿವೆಯಾದರೂ, ಅವುಗಳಲ್ಲಿಯೂ ಹಿಂದೆ ಕೂರುವವರ ಪಾದಗಳು ಕಾಲಿಡುವ ಜಾಗದ ಮೇಲೆ ಪೂರ್ತಿ ಊರಬೇಕು. ಆರು ವರ್ಷದ ಮಗುವಿನ ಕಾಲು ಅಷ್ಟು ನಿಲುಕುವುದಿಲ್ಲ.